ಹಾಕದ ಕಾಗದ ವಾಪಸ್ ಬಂತು

ಹಾಕಿದ ಕಾಗದ ವಾಪಸ್ ಬರುವುದರಲ್ಲಿ ವಿಶೇಷವೇನೂ ಇಲ್ಲ. ವಿಳಾಸದಾರರು ಮನೆ ಬಿಟ್ಟಿರುತ್ತಾರೆ, ಊರು ಬಿಟ್ಟಿರುತ್ತಾರೆ, ಕೆಲವೊಮ್ಮೆ ಲೋಕವನ್ನೇ ಬಿಟ್ಟಿರುತ್ತಾರೆ. ಅಂಚೆಯಣ್ಣ ಲಕೋಟೆಯ ಮೂಲೆಯಲ್ಲಿ ಒಂದು ಷರಾ ಗೀಚಿ ನಮಗೇ ತಂದುಕೊಡುತ್ತಾನೆ. ಆದರೆ ನಾವು ಹಾಕಿಯೇ ಇರದ ಕಾಗದ, ನಾವು ನೋಡಿಯೇ ಇರದ ಊರಿನಿಂದ, ನಾವು ಕೇಳಿಯೇ ಇರದ ಮನುಷ್ಯ ‘ಇಲ್ಲಿಲ್ಲ’ ಎಂಬ ಷರಾ ಹೊತ್ತು ಬಂದರೆ ಏನನ್ನಬೇಕು? 2002ರಿಂದ 2004ರವರೆಗೆ ಈಮೇಲ್ ವಿಳಾಸ ಇಟ್ಟುಕೊಂಡಿದ್ದ ಪಾಪಕ್ಕೆ ನಮ್ಮಂಥವರ ಪೆಟ್ಟಿಗೆಗೆ ಇಂಥವು ದಿನವೂ ಬಂದು ಬೀಳುತ್ತಿದ್ದವು.

ಈಗಿನವರಿಗೆ ಆ ಕಾಲದ ಈಮೇಲ್ ಎಂದರೆ ಏನೆಂದು ಸ್ವಲ್ಪ ಹೇಳಬೇಕು. ಮೈಸೂರಿನ ನಮ್ಮ ಮನೆಯಲ್ಲಿ ಕಂಪ್ಯೂಟರು ಇದ್ದದ್ದು ನಡುಮನೆಯ ಮೂಲೆಯಲ್ಲಿ, ಕ್ರೋಷಾ ಹೆಣೆದ ಬಟ್ಟೆ ಹೊದ್ದುಕೊಂಡು. ಇಂಟರ್‌ನೆಟ್ಟು ಬರುತ್ತಿದ್ದದ್ದು ಟೆಲಿಫೋನಿನ ತಂತಿಯಲ್ಲಿ. ಮೋಡೆಮ್ಮು ಕೀರಲು ದನಿಯಲ್ಲಿ ಗೋಳಾಡಿ, ಆಚೆಯ ಮೋಡೆಮ್ಮು ಅದಕ್ಕೆ ಸಮಾಧಾನ ಹೇಳಿ, ಇಬ್ಬರಿಗೂ ಒಪ್ಪಿಗೆಯಾದ ಮೇಲೆ ಮೇಲ್‌ಗಳು ಒಂದೊಂದಾಗಿ ಇಳಿಯುತ್ತಿದ್ದವು. ಅಷ್ಟು ಹೊತ್ತೂ ಮನೆಯ ಫೋನು ಎಂಗೇಜು. “ಫೋನ್ ಬಿಡ್ರೀ, ಈ ಹೊತ್ತಿಗೆ ಅಕ್ಕ ಮಾಡ್ತಾಳೆ” ಎಂದು ಅಡುಗೆಮನೆಯಿಂದ ಕೂಗು. ಯಾರದೋ ಸುದ್ದಿ ಬಂದಿದೆ ಎಂಬ ಆಸೆಯಲ್ಲಿ ಕೂತರೆ ಇಳಿಯುತ್ತಿದ್ದದ್ದು ಇದು: ‘ನೀವು ಕಳಿಸಿದ ಸಂದೇಶ ತಲುಪಲಿಲ್ಲ. 550. ಈ ಹೆಸರಿನ ಬಳಕೆದಾರರು ಇಲ್ಲಿ ಇಲ್ಲ.’ ಕಳಿಸಿದ ಊರು ಹೆಲ್ಸಿಂಕಿ. ನನಗೆ ಹೆಲ್ಸಿಂಕಿಯಲ್ಲಿ ಇರುವವರೂ ಗೊತ್ತಿಲ್ಲ, ಇಲ್ಲದವರೂ ಗೊತ್ತಿಲ್ಲ.

ಇದರ ಮೂಲ ಹುಡುಕಿಕೊಂಡು ಹೊರಟರೆ ನ್ಯೂಜೆರ್ಸಿಯಲ್ಲಿದ್ದ ನನ್ನ ಸೋದರಳಿಯನ ತನಕ ಹೋಗಬೇಕಾಗುತ್ತದೆ. ಹುಡುಗ ಬಲು ಅಕ್ಕರೆಯವನು. ಯುಗಾದಿಗೆ ಶುಭಾಶಯ, ಮಗುವಿನ ನಾಮಕರಣಕ್ಕೆ ಫೋಟೋ, ಹಿಮ ಬಿದ್ದರೆ ಹಿಮದ ಫೋಟೋ, ಕರಗಿದರೆ ಕರಗಿದ್ದರ ಫೋಟೋ. ಎಲ್ಲವನ್ನೂ ಬಂಧುಬಳಗಕ್ಕೆ ಒಟ್ಟಿಗೇ ಕಳಿಸುತ್ತಿದ್ದ. ಎಲ್ಲರ ವಿಳಾಸವೂ ಎಲ್ಲರಿಗೂ ಕಾಣುವ ಹಾಗೆ, ಮದುವೆಯ ಮುಯ್ಯಿ ಪಟ್ಟಿಯಷ್ಟು ಉದ್ದಕ್ಕೆ. ಆ ಪಟ್ಟಿಯಲ್ಲಿ ನಾನಿದ್ದೆ, ನನ್ನ ಮಗಳ ಮಾವನವರಿದ್ದರು, ನನ್ನ ಸೋದರಮಾವನಿದ್ದರು, ಅಳಿಯನ ಆಫೀಸಿನವರು, ಅವನಿಗೆ ಒಮ್ಮೆ ಕಾರು ಮಾರಿದವನು, ಹೀಗೆ ಯಾರ‍್ಯಾರೋ ಇದ್ದರು. ಒಂದೇ ಚಪ್ಪರದಡಿ ಕೂತು ಉಂಡರೂ ಮಾತಾಡಿಸಿಕೊಳ್ಳದಂಥವರೆಲ್ಲ ಆ ಪಟ್ಟಿಯಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡು ನಿಂತಿದ್ದರು.

2002ರ ಏಪ್ರಿಲ್‌ನಲ್ಲಿ ‘ಕ್ಲೆಜ್’ ಎಂಬ ವೈರಸ್ಸಿನ ಹೊಸದೊಂದು ತಳಿ ಹೊರಟಿತು. ಅದಕ್ಕೂ ಮೊದಲು ಬಂದ ವೈರಸ್ಸುಗಳಲ್ಲಿ ಒಂದು ಬಗೆಯ ಪ್ರಾಮಾಣಿಕತೆ ಇತ್ತು. 1999ರ ಮೆಲಿಸ್ಸಾ ಆಗಲಿ, 2000ದ ಮೇ ತಿಂಗಳಲ್ಲಿ ಫಿಲಿಪೈನ್ಸ್‌ನಿಂದ ಹೊರಟು ಲೋಕವನ್ನೆಲ್ಲ ‘ಐ ಲವ್ ಯೂ’ ಎಂದು ಕಾಡಿದ್ದಾಗಲಿ, ಯಾರ ಕಂಪ್ಯೂಟರಿಗೆ ಅಂಟುತ್ತಿತ್ತೋ ಅವರ ಹೆಸರಿನಲ್ಲೇ ಮುಂದಕ್ಕೆ ಹೋಗುತ್ತಿತ್ತು. ಬಂದ ಮೇಲ್ ಮೇಲೆ ಯಾರ ಹೆಸರಿದೆಯೋ ಅವರಿಗೆ ಫೋನು ಮಾಡಿ ಬೈದರೆ ನ್ಯಾಯ ಸರಿಯಾಗಿ ಸಲ್ಲುತ್ತಿತ್ತು. 2001ರ ಸರ್ಕ್ಯಾಮ್ ಅಂತೂ ಯಜಮಾನನ ಕಂಪ್ಯೂಟರಿನಲ್ಲಿದ್ದ ಯಾವುದೋ ಕಡತವನ್ನು ಎತ್ತಿಕೊಂಡು ‘ಇದರ ಬಗ್ಗೆ ನಿಮ್ಮ ಸಲಹೆ ಬೇಕು’ ಎಂದು ವಿನಯದಿಂದ ಬರೆದು ಕಳಿಸುತ್ತಿತ್ತು. ನಮ್ಮಲ್ಲಿ ಸಲಹೆ ಕೇಳಿದರೆ ಕೊಡದೆ ಇರುವವರು ಯಾರು? ನನ್ನ ಸಹೋದ್ಯೋಗಿಯೊಬ್ಬರು ಇನ್ನೊಬ್ಬರ ಸಾಲದ ಅರ್ಜಿಗೆ ಎರಡು ಪುಟದ ತಿದ್ದುಪಡಿ ಬರೆದು ವಾಪಸ್ ಕಳಿಸಿದ್ದರು.

ಕ್ಲೆಜ್ ಈ ಮರ್ಯಾದೆಯನ್ನು ತೆಗೆದುಹಾಕಿತು. ಅಂಟಿದ ಕಂಪ್ಯೂಟರಿನ ವಿಳಾಸಪಟ್ಟಿಯನ್ನೂ ಅಲ್ಲಿನ ಕಡತಗಳನ್ನೂ ಜಾಲಾಡಿ ಸಿಕ್ಕ ವಿಳಾಸಗಳನ್ನೆಲ್ಲ ಗುಡ್ಡೆ ಹಾಕಿಕೊಳ್ಳುತ್ತಿತ್ತು. ಆಮೇಲೆ ಒಂದು ವಿಳಾಸವನ್ನು ‘ಗೆ’ ಎಂಬಲ್ಲಿ ಬರೆಯುವುದು, ಇನ್ನೊಂದನ್ನು ‘ಇಂದ’ ಎಂಬಲ್ಲಿ. ಯಾರ ಮನೆಯಿಂದ ಹೊರಟಿತೋ ಅವರ ಹೆಸರು ಎಲ್ಲೂ ಇಲ್ಲ. ವಿಷಯದ ಸಾಲಿಗೆ ತನ್ನಲ್ಲೇ ಇಟ್ಟುಕೊಂಡಿದ್ದ ಒಂದು ಪಟ್ಟಿಯಿಂದ ಏನಾದರೊಂದನ್ನು ಎತ್ತಿ ಅಂಟಿಸುತ್ತಿತ್ತು: ‘ಮೀಟಿಂಗ್ ನೋಟಿಸ್’, ‘ಲೆಟ್ಸ್ ಬಿ ಫ್ರೆಂಡ್ಸ್’, ‘ವೆಲ್‌ಕಮ್ ಟು ಮೈ ಹೋಮ್‌ಟೌನ್’, ‘ಹನಿ’, ‘ಡಾರ್ಲಿಂಗ್’.

ಒಂದು ಭಾನುವಾರ ಬೆಳಿಗ್ಗೆ ಶಿವಮೊಗ್ಗದಿಂದ ಬೀಗರ ಫೋನು. ಕೆಇಬಿಯಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದವರು, ಅಳೆದು ಮಾತಾಡುವವರು.

“ಮೇಷ್ಟ್ರೇ, ಮನೇಲಿ ಎಲ್ಲ ಕ್ಷೇಮವೇ?”

“ಕ್ಷೇಮ. ತಾವು?”

“ನಾವೂ ಕ್ಷೇಮ. ನಿಮ್ಮ ಮೇಲ್ ಬಂತು.”

“ನಾನು ಹಾಕಿರಲಿಲ್ಲವಲ್ಲ. ಏನಂತ ಇತ್ತು?”

ಎಸ್‌ಟಿಡಿ ದರ ಲೆಕ್ಕವಿಡುವ ಮನುಷ್ಯ ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಕಂಡಿರಲಿಲ್ಲ.

“ಡಾರ್ಲಿಂಗ್ ಅಂತ ಇತ್ತು.”

“ಯಾರಿಗೆ?”

“ನನಗೇ. ನಮ್ಮ ಮನೆಯವರು ಪಕ್ಕದಲ್ಲೇ ಕೂತಿದ್ರು. ಒಳಗೆ ಏನೂ ಬರೆದಿರಲಿಲ್ಲ. ಒಂದು ಫೈಲ್ ಇತ್ತು. ತೆಗೆದೆ, ಏನೂ ಬರಲಿಲ್ಲ. ಏನಿತ್ತು ಅದರಲ್ಲಿ?”

ತೆಗೆದರೆ ಏನೂ ಬರಲಿಲ್ಲ ಎನ್ನುವವರು ನಿಜಕ್ಕೂ ಏನೋ ಒಂದನ್ನು ಬರಮಾಡಿಕೊಂಡಿರುತ್ತಾರೆ. ಮರುದಿನದಿಂದ ಬೀಗರ ಕಂಪ್ಯೂಟರೂ ಕಾರ್ಯಪ್ರವೃತ್ತವಾಯಿತು. ಅವರ ವಿಳಾಸಪಟ್ಟಿಯಲ್ಲಿ ಮಠವೊಂದರ ಕಚೇರಿಯೂ ಇತ್ತು, ನಿವೃತ್ತ ಇಂಜಿನಿಯರುಗಳೂ ಇದ್ದರು. ಆ ವಾರ ಹಲವು ನಿವೃತ್ತ ಇಂಜಿನಿಯರುಗಳಿಗೆ ಮಠದ ವಿಳಾಸದಿಂದ ಸ್ಪೈಸ್ ಗರ್ಲ್ಸ್ ಗಾಯನ ಕಛೇರಿಯ ವಿಚಾರವಾಗಿ ಮೇಲ್ ಹೋಯಿತು. ಕ್ಲೆಜ್‌ನ ಪಟ್ಟಿಯಲ್ಲಿ ಆ ವಿಷಯವೂ ಇತ್ತು. ಒಬ್ಬರು ಮಾತ್ರ ಟಿಕೆಟ್ ಎಷ್ಟು ಎಂದು ಕೇಳಿ ಬರೆದರಂತೆ.

ನನ್ನ ಹಳೆಯ ಶಿಷ್ಯನೊಬ್ಬ ಬೆಂಗಳೂರಿನ ಕಂಪನಿಯೊಂದರಲ್ಲಿ ಮೇಲ್ ಸರ್ವರ್ ನೋಡಿಕೊಳ್ಳುತ್ತಿದ್ದ. ದಸರಾಕ್ಕೆ ಊರಿಗೆ ಬಂದವನನ್ನು ಹಿಡಿದು ಕೂರಿಸಿ ಕೇಳಿದೆ: ನನ್ನ ಹೆಸರನ್ನು ನನ್ನ ಅಪ್ಪಣೆಯಿಲ್ಲದೆ ಬರೆಯಲು ಹೇಗೆ ಸಾಧ್ಯ? ಅವನಿಗೆ ನನ್ನ ಪ್ರಶ್ನೆಯೇ ತಮಾಷೆಯಾಗಿ ಕಂಡಿತು.

“ಸಾರ್, ಲಕೋಟೆ ಹಿಂದೆ ‘ಇಂದ’ ಅಂತ ನಿಮ್ಮ ಹೆಸರು ಬರೆದು ನಾನು ಡಬ್ಬಕ್ಕೆ ಹಾಕಿದ್ರೆ ಪೋಸ್ಟಾಫೀಸಲ್ಲಿ ಯಾರಾದ್ರೂ ಕೇಳ್ತಾರಾ? ಇದೂ ಅಷ್ಟೇ.”

ಅವನು ಬಿಡಿಸಿ ಹೇಳಿದ್ದು ಹೀಗೆ. ಈಮೇಲ್‌ನಲ್ಲೂ ಲಕೋಟೆ ಬೇರೆ, ಒಳಗಿನ ಕಾಗದ ಬೇರೆ. ನಮಗೆ ಪರದೆಯ ಮೇಲೆ ಕಾಣುವುದು ಕಾಗದದ ತಲೆಯಲ್ಲಿರುವ ಹೆಸರು. ಲಕೋಟೆ ನಮಗೆ ಸಾಮಾನ್ಯವಾಗಿ ಕಾಣುವುದೇ ಇಲ್ಲ. ಅದು ಸರ್ವರ್‌ಗಳು ತಮ್ಮತಮ್ಮಲ್ಲಿ ಆಡಿಕೊಳ್ಳುವ ಮಾತು. ಒಂದು ಸರ್ವರ್ ಇನ್ನೊಂದರ ಬಾಗಿಲಿಗೆ ಬಂದು ನಮಸ್ಕಾರ ಹೇಳಿ ತನ್ನ ಹೆಸರು ಹೇಳುತ್ತದೆ. ಇಂಥವರಿಂದ ತಂದಿದ್ದೇನೆ, ಇಂಥವರಿಗೆ ಕೊಡಬೇಕು ಎನ್ನುತ್ತದೆ. ಆಚೆಯದು ಸರಿ ಎಂದರೆ ಕಾಗದ ಕೊಟ್ಟು ಹೊರಡುತ್ತದೆ. ಆಮೇಲೆ ವಿಳಾಸದಾರರು ಇಲ್ಲವೆಂದು ಗೊತ್ತಾದರೆ ‘ಇಂಥವರಿಂದ’ ಎಂದು ಹೇಳಿದ್ದರಲ್ಲ, ಅವರ ವಿಳಾಸಕ್ಕೆ ವಾಪಸ್ ರವಾನೆ. ಈ ಸಂಭಾಷಣೆಯ ವಿಧಿಯನ್ನು 1982ರ ಆಗಸ್ಟ್‌ನಲ್ಲಿ ಬರೆದಿಟ್ಟವರು ಕ್ಯಾಲಿಫೋರ್ನಿಯಾದ ಜಾನ್ ಪೋಸ್ಟೆಲ್. ಅಂದಿನ ಜಾಲದಲ್ಲಿ ಇದ್ದದ್ದೇ ಕೆಲವು ನೂರು ಕಂಪ್ಯೂಟರುಗಳು. ಬಹುಪಾಲು ವಿಶ್ವವಿದ್ಯಾಲಯಗಳವು, ಸಂಶೋಧನಾಲಯಗಳವು. ಬಾಗಿಲಿಗೆ ಬಂದವರನ್ನು ‘ನೀನು ನಿಜಕ್ಕೂ ನೀನೇನಾ?’ ಎಂದು ಕೇಳುವ ಪ್ರಮೇಯ ಇರಲಿಲ್ಲ. ಹಾಗಾಗಿ ಆ ಪ್ರಶ್ನೆ ವಿಧಿಯಲ್ಲಿ ಸೇರಲೇ ಇಲ್ಲ.

“ಅಂದರೆ ವಾಪಸ್ ಕಳಿಸಿದ ಸರ್ವರ್‌ನದು ತಪ್ಪಿಲ್ಲ?”

“ಇಲ್ಲ ಸಾರ್. ಅದು ತನ್ನ ಡ್ಯೂಟಿ ಮಾಡಿದೆ. ನಿಮ್ಮ ತಪ್ಪೂ ಇಲ್ಲ. ನಿಮ್ಮಿಬ್ಬರ ವಿಳಾಸವೂ ಇರೋ ಮೂರನೆಯವರ ಕಂಪ್ಯೂಟರ್ ಕೆಟ್ಟಿದೆ.”

ಆಮೇಲೆ ಅವನು ಒಂದು ವಾಪಸ್ ಮೇಲ್ ತೆರೆದು ಅದರ ಹೊಟ್ಟೆಯೊಳಗಿದ್ದ ಮೂಲ ಸಂದೇಶದ ತಲೆಬರಹ ತೋರಿಸಿದ. ‘ರಿಸೀವ್ಡ್’ ಎಂದು ಶುರುವಾಗುವ ಸಾಲುಗಳು. ಪ್ರತಿಯೊಂದು ಸರ್ವರೂ ತಾನು ಯಾರಿಂದ ಪಡೆದೆ ಎಂದು ಒಂದು ಸಾಲು ಬರೆದು ಹಿಂದಿನದರ ಮೇಲೆ ಅಂಟಿಸುವುದರಿಂದ ಕೆಳಗಿನಿಂದ ಮೇಲಕ್ಕೆ ಓದಿಕೊಂಡು ಹೋಗಬೇಕು. ಹೆಸರು ಸುಳ್ಳಿರಬಹುದು, ತೀರ ಕೆಳಗಿನ ಸಾಲನ್ನು ವೈರಸ್ಸೇ ಕಟ್ಟಿರಬಹುದು. ಆದರೆ ಪಡೆದುಕೊಂಡ ಸರ್ವರ್ ತನ್ನ ಕೈಯಾರೆ ಚೌಕ ಆವರಣದಲ್ಲಿ ಬರೆದುಕೊಂಡ ಐಪಿ ಸಂಖ್ಯೆ, ಚುಕ್ಕಿಗಳ ನಡುವಿನ ಆ ನಾಲ್ಕು ಅಂಕೆಗಳ ಗುಂಪು, ಅದನ್ನು ನಂಬಬಹುದು. ಅದು ಮೈಸೂರಿನದಾಗಿರಲಿಲ್ಲ. ನ್ಯೂಜೆರ್ಸಿಯ ಕೇಬಲ್ ಸಂಪರ್ಕವೊಂದರದಾಗಿತ್ತು.

ಅಳಿಯನಿಗೆ ಬರೆದೆ. “ಮಾವ, ನನ್ನ ಕಂಪ್ಯೂಟರಲ್ಲಿ ಆಂಟಿವೈರಸ್ ಇದೆ” ಎಂದು ಸ್ವಲ್ಪ ಮುನಿಸಿಕೊಂಡೇ ಉತ್ತರಿಸಿದ. ಇತ್ತು ನಿಜ. ಅದರ ಚಂದಾ ಮುಗಿದು ವರ್ಷ ಕಳೆದಿತ್ತು.

ಇನ್ನು ಮುಗಿಯಿತು ಎಂದುಕೊಂಡೆವು. 2003ರ ಆಗಸ್ಟ್‌ನಲ್ಲಿ ಸೋಬಿಗ್ ಬಂತು. ಅದರ ‘ಎಫ್’ ತಳಿಯ ಎದುರು ಕ್ಲೆಜ್ ಪಾಪದ ಪ್ರಾಣಿ. ‘ಥ್ಯಾಂಕ್ ಯೂ’, ‘ಯುವರ್ ಡೀಟೇಲ್ಸ್’ ಎಂಬ ನಯವಾದ ತಲೆಬರಹ, ವಿವರಕ್ಕೆ ಲಗತ್ತು ನೋಡಿ ಎಂಬ ಗುಮಾಸ್ತೆಯ ಒಕ್ಕಣೆ, ಜೊತೆಗೆ ‘ಪಿಐಎಫ್’ ಎಂದು ಕೊನೆಯಾಗುವ ಒಂದು ಕಡತ. ಒಂದೊಂದು ಮೇಲೂ ಸುಮಾರು 100 ಕಿಲೋಬೈಟ್. ನಮ್ಮ ತಂತಿಯಲ್ಲಿ ಒಂದು ಇಳಿಯಲು ಅರ್ಧ ನಿಮಿಷ. ಅಡುಗೆಮನೆಯ ಕೂಗು ನಡುಮನೆಗೇ ಬಂದು ನಿಂತಿತು.

ಆದರೆ ಆ ತಿಂಗಳ ವಾಪಸ್ ಮೇಲ್‌ಗಳನ್ನು ನಾನು ಸುಮ್ಮನೆ ಅಳಿಸಿಹಾಕಲಿಲ್ಲ. ಅವನ್ನು ಓದುವ ರುಚಿ ಹತ್ತಿಬಿಟ್ಟಿತ್ತು. ಆಗಸ್ಟ್ ಎಂದರೆ ಯುರೋಪಿನವರಿಗೆ ರಜೆಯ ತಿಂಗಳು. ಸೋಬಿಗ್ ಕಂಪ್ಯೂಟರಿನಲ್ಲಿ ಉಳಿದುಕೊಂಡ ವೆಬ್ ಪುಟಗಳಿಂದಲೂ ವಿಳಾಸ ಹೆಕ್ಕುತ್ತಿದ್ದುದರಿಂದ ನನ್ನ ಹೆಸರಿನ ಮೇಲ್‌ಗಳು ಕಂಡಕಂಡವರಿಗೆಲ್ಲ ಹೋಗುತ್ತಿದ್ದವು. ಅವರ ಯಂತ್ರಗಳು ನನಗೆ ಶ್ರದ್ಧೆಯಿಂದ ಉತ್ತರ ಬರೆಯುತ್ತಿದ್ದವು. ಜರ್ಮನಿಯ ಒಬ್ಬಾಕೆ ತಿಂಗಳ ಕೊನೆಯವರೆಗೆ ಆಫೀಸಿಗೆ ಬರುವುದಿಲ್ಲವೆಂದು ತಿಳಿಸಿದಳು. ಸ್ವೀಡನ್ನಿನ ಪ್ರಾಧ್ಯಾಪಕರೊಬ್ಬರು ನನ್ನ ಪತ್ರ ತಮಗೆ ಮುಖ್ಯವೆಂದೂ ಹಿಂದಿರುಗಿದ ಮೇಲೆ ನೋಡುವೆನೆಂದೂ ಭರವಸೆ ಕೊಟ್ಟರು. ನನ್ನ ಪತ್ರ ಮುಖ್ಯವೆಂದು ನಮ್ಮ ವಿಶ್ವವಿದ್ಯಾಲಯದಿಂದ ಯಾರೂ ಬರೆದದ್ದಿಲ್ಲ.

ಅದೇ ರಾಶಿಯಲ್ಲಿ ಧಾರವಾಡದ ಗೆಳೆಯನ ವಿಳಾಸ ಸಿಕ್ಕಿತು. ಎಂಎಸ್ಸಿಯಲ್ಲಿ ಒಂದೇ ಮೈಕ್ರೋಸ್ಕೋಪಿಗೆ ಕಣ್ಣಿಟ್ಟವರು ನಾವು. ಕಾಗದ ಬರೆದುಕೊಂಡೆವು, ಆಮೇಲೆ ಹೊಸ ವರ್ಷದ ಕಾರ್ಡು, ಆಮೇಲೆ ಮೇಲ್ ಬಂದಾಗ ಉತ್ಸಾಹದಿಂದ ಒಂದಷ್ಟು ದಿನ, ಆಮೇಲೆ ಅದೂ ಇಲ್ಲ. ಜಗಳವಿಲ್ಲ, ಕಾರಣವೂ ಇಲ್ಲ. ಈಗ ವೈರಸ್ಸು ನನ್ನ ಹೆಸರಿನಲ್ಲಿ ಅವನಿಗೆ ‘ಥ್ಯಾಂಕ್ ಯೂ’ ಎಂದು ಬರೆದಿತ್ತು. ಅವನ ಆಫೀಸಿನ ಸರ್ವರ್ ‘ಈ ಹೆಸರಿನವರು ಇಲ್ಲಿ ಇಲ್ಲ’ ಎಂದು ನನಗೆ ಹೇಳಿ ಕಳಿಸಿತ್ತು. ಅವನು ಆ ಕೆಲಸ ಬಿಟ್ಟ ಸುದ್ದಿ ನನಗೆ ತಲುಪಿದ್ದು ಹೀಗೆ. ಯಾವಾಗ ಬಿಟ್ಟ, ಎಲ್ಲಿಗೆ ಹೋದ ಎಂಬುದನ್ನು 550 ಎಂಬ ಅಂಕೆ ಹೇಳುವುದಿಲ್ಲ.

ಇನ್ನೊಂದು, ನನ್ನ ಸೋದರಮಾವನ ಪೆಟ್ಟಿಗೆಯಿಂದ ಬಂದದ್ದು. ಮಾವ ಹಿಂದಿನ ಚಳಿಗಾಲದಲ್ಲೇ ತೀರಿಕೊಂಡಿದ್ದರು. ಎಪ್ಪತ್ತು ದಾಟಿದ ಮೇಲೆ ಕಂಪ್ಯೂಟರು ಕಲಿತು, ಒಂದು ಬೆರಳಲ್ಲಿ ಟೈಪು ಮಾಡಿ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಿದ್ದರು. ‘ಚಿರಂಜೀವಿಗೆ ಆಶೀರ್ವಾದಗಳು’ ಎಂದು ಶುರು ಮಾಡದೆ ಅವರ ಮೇಲ್ ಹೊರಡುತ್ತಿರಲಿಲ್ಲ. ಮೂರೇ ಸಾಲಿನದಾದರೂ ಎಡಮೂಲೆಯಲ್ಲಿ ‘ಕ್ಷೇಮ’, ಬಲಮೂಲೆಯಲ್ಲಿ ಊರು ಮತ್ತು ತಾರೀಕು, ಸ್ಪೇಸ್ ಬಾರನ್ನು ಒತ್ತಿ ಒತ್ತಿ ತಳ್ಳಿದ್ದು. ಇಂಟರ್‌ನೆಟ್ ಸಂಪರ್ಕದ ಜೊತೆಗೇ ಸಿಕ್ಕಿದ್ದ ಅವರ ಪೆಟ್ಟಿಗೆಯನ್ನು ಮುಚ್ಚಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಸೋಬಿಗ್ ಅಳಿಯನ ಹಳೆಯ ಪಟ್ಟಿಯನ್ನು ಹಿಡಿದುಕೊಂಡು ಅವರಿಗೂ ಕಾಗದ ಹಾಕುತ್ತಲೇ ಇತ್ತು. ಆಗಿನ ಪೆಟ್ಟಿಗೆಗಳು ಚಿಕ್ಕವು; ಎರಡು ಮೆಗಾಬೈಟಿನ ಪೆಟ್ಟಿಗೆಗೆ ಇಪ್ಪತ್ತು ಸೋಬಿಗ್ ಸಾಕು. ಷರಾ ಹೀಗಿತ್ತು: ‘ವಿಳಾಸದಾರರ ಪೆಟ್ಟಿಗೆ ತುಂಬಿದೆ. ಸ್ವಲ್ಪ ಸಮಯದ ನಂತರ ಮತ್ತೆ ಪ್ರಯತ್ನಿಸಿ.’ ಹೆಂಡತಿಗೆ ತೋರಿಸಿದೆ. ಅವಳು ಓದಿ, “ಬದುಕಿದ್ದಾಗ ಯಾರೂ ಅವರಿಗೆ ಇಷ್ಟು ಕಾಗದ ಬರೀಲಿಲ್ಲ” ಎಂದಳು.

ಸೋಬಿಗ್ ಬರೆದವನು ಅದಕ್ಕೆ ಒಂದು ಅವಧಿ ಕಟ್ಟಿಟ್ಟಿದ್ದ. ಸೆಪ್ಟೆಂಬರ್ 10ಕ್ಕೆ ಅದು ತಾನಾಗಿ ನಿಂತಿತು. ಅಷ್ಟು ಶಿಸ್ತು ಅದನ್ನು ಹಿಡಿಯಲು ಹೊರಟವರಲ್ಲಿ ಇರಲಿಲ್ಲ. ನಾನು ಹೇಳುತ್ತಿರುವುದು ಆಂಟಿವೈರಸ್ ಯಂತ್ರಗಳ ವಿಚಾರ. ಅವು ದೊಡ್ಡ ದೊಡ್ಡ ಆಫೀಸುಗಳ ಬಾಗಿಲಲ್ಲಿ ಕೂತು ಬಂದ ಮೇಲ್‌ಗಳನ್ನು ತಪಾಸಣೆ ಮಾಡುತ್ತಿದ್ದವು. ವೈರಸ್ಸು ಸಿಕ್ಕಿದ ಕೂಡಲೇ ನನಗೊಂದು ನೋಟಿಸು: ‘ನೀವು ಕಳಿಸಿದ ಮೇಲ್‌ನಲ್ಲಿ ಸೋಬಿಗ್ ಎಫ್ ಪತ್ತೆಯಾಗಿದೆ. ನಿಮ್ಮ ಕಂಪ್ಯೂಟರನ್ನು ಶುಚಿಗೊಳಿಸಿ.’ ಕೆಳಗೆ ಆ ತಂತ್ರಾಂಶವನ್ನು ಕೊಳ್ಳುವ ವಿಳಾಸ. ವೈರಸ್ಸಿನ ಹೆಸರು, ಕುಲ, ತಳಿ ಎಲ್ಲ ಗೊತ್ತಿರುವ ಯಂತ್ರಕ್ಕೆ ಆ ತಳಿ ಕಳಿಸಿದವರ ಹೆಸರನ್ನು ಸುಳ್ಳು ಬರೆಯುತ್ತದೆ ಎಂಬುದೊಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದೂ ಬರೆಯುತ್ತಿತ್ತು. ವೈರಸ್ಸಾದರೂ ನನ್ನ ಹೆಸರು ಬಳಸಿಕೊಂಡಿತೇ ಹೊರತು ನನಗೆ ಏನನ್ನೂ ಕೊಳ್ಳು ಎಂದು ಹೇಳಲಿಲ್ಲ. ಆ ಎರಡರಲ್ಲಿ ಯಾರನ್ನು ಮೊದಲು ಕ್ಷಮಿಸುತ್ತೀರಿ ಎಂದು ಕೇಳಿದರೆ ನನ್ನ ಓಟು ವೈರಸ್ಸಿಗೇ.

2004ರ ಜನವರಿ 26ಕ್ಕೆ ಬಂದ ಮೈಡೂಮ್ ಈ ಗೊಂದಲವನ್ನೇ ಬಂಡವಾಳ ಮಾಡಿಕೊಂಡಿತು. ಅದು ವಾಪಸ್ ಬಂದ ಕಾಗದದ ವೇಷದಲ್ಲೇ ಬರುತ್ತಿತ್ತು! ‘ಮೇಲ್ ಡೆಲಿವರಿ ಸಿಸ್ಟಮ್’ ಎಂದು ತಲೆಬರಹ. ರವಾನೆ ವಿಫಲವಾಗಿದೆ, ಸಂದೇಶದ ಒಂದು ಭಾಗ ಮಾತ್ರ ಲಭ್ಯ ಎಂದು ಒಕ್ಕಣೆ. ತಾನು ಏನು ಕಳಿಸಿದ್ದೆ ಎಂದು ನೋಡುವ ಕುತೂಹಲಕ್ಕೆ ಜನ ಲಗತ್ತು ತೆಗೆಯುತ್ತಿದ್ದರು. ಸುಳ್ಳು ವಾಪಸಾತಿಯನ್ನು ಯಾರದೋ ಹೆಸರಿನಲ್ಲಿ ಕಳಿಸಿದರೆ ಅದಕ್ಕೆ ನಿಜವಾದ ವಾಪಸಾತಿ ಬಂದು ಇನ್ಯಾರಿಗೋ ತಲುಪುತ್ತಿತ್ತು. ಮೇಲ್‌ಗಳನ್ನು ಜರಡಿ ಹಿಡಿಯುವ ಮೆಸೇಜ್‌ಲ್ಯಾಬ್ಸ್ ಸಂಸ್ಥೆಯ ಲೆಕ್ಕದಲ್ಲಿ, ಅದರ ಅಬ್ಬರದ ದಿನಗಳಲ್ಲಿ ಪ್ರತಿ 12 ಮೇಲ್‌ಗಳಲ್ಲಿ ಒಂದು ಮೈಡೂಮ್.

ಸಿಕ್ಕಿದ ವಿಳಾಸ ಸಾಲದೆಂದು ಮೈಡೂಮ್ ಹೆಸರುಗಳನ್ನು ಊಹಿಸಿಯೂ ಬರೆಯುತ್ತಿತ್ತು. ಯಾವುದೋ ಸಂಸ್ಥೆಯ ವಿಳಾಸ ಸಿಕ್ಕಿದರೆ ಅದರ ಎಡಕ್ಕೆ ತನ್ನ ಪಟ್ಟಿಯಿಂದ ಒಂದು ಹೆಸರು: ಜಾನ್, ಮೇರಿ, ಡೇವಿಡ್, ಬಾಬ್, ಲಿಂಡಾ, ಸ್ಟೀವ್. ನಮ್ಮ ಕಾಲೇಜಿನ ವಿಳಾಸಕ್ಕೂ ಬಾಬ್‌ನನ್ನು ಕೇಳಿಕೊಂಡು ಬಂದವು, ಲಿಂಡಾಳನ್ನು ಕೇಳಿಕೊಂಡು ಬಂದವು. ಶಿವಲಿಂಗೇಗೌಡರನ್ನಾಗಲಿ ಪುಟ್ಟತಾಯಮ್ಮನವರನ್ನಾಗಲಿ ಯಾವ ವೈರಸ್ಸೂ ಊಹಿಸಲಿಲ್ಲ. ಅಪ್ಪ ಅಮ್ಮ ಇಟ್ಟ ಹೆಸರು ಹಳೇ ಕಾಲದ್ದು ಎಂದು ಕೊರಗುತ್ತಿದ್ದ ನಮ್ಮ ಗುಮಾಸ್ತರೊಬ್ಬರು ಅಂದಿನಿಂದ ಆ ಕೊರಗು ಬಿಟ್ಟರು.

ಅದರ ಹಿಂದೆಯೇ ನೆಟ್‌ಸ್ಕೈ, ಬೇಗಲ್. ಅವುಗಳ ಕರ್ತೃಗಳು ವೈರಸ್ಸಿನ ಒಡಲಲ್ಲೇ ಒಬ್ಬರಿಗೊಬ್ಬರು ಬೈಗುಳ ಬರೆದು ಹಂಚಿದರು. ಅವರ ಬೀದಿಜಗಳಕ್ಕೆ ನಮ್ಮ ಟೆಲಿಫೋನ್ ಬಿಲ್ಲು. ನೆಟ್‌ಸ್ಕೈ ಬರೆದವನು ಜರ್ಮನಿಯ ಹಳ್ಳಿಯ ಹುಡುಗ ಸ್ವೆನ್ ಯಾಶನ್ ಎಂದು 2004ರ ಮೇ ತಿಂಗಳಲ್ಲಿ ಗೊತ್ತಾಯಿತು. ಹದಿನೆಂಟು ತುಂಬಿ ವಾರವಷ್ಟೇ ಕಳೆದಿತ್ತು. ಮರುವರ್ಷ ಕೋರ್ಟು 21 ತಿಂಗಳ ಶಿಕ್ಷೆ ವಿಧಿಸಿ ಅಮಾನತಿನಲ್ಲಿಟ್ಟಿತು. ನನ್ನ ಶಿಷ್ಯನಿಗೆ ಅದು ಕಡಿಮೆಯಾಯಿತೆನಿಸಿತು. ಪಾಠ ಮಾಡಿದವನಾಗಿ ನನಗೆ ಹಾಗೆನಿಸಲಿಲ್ಲ. ಹದಿನೆಂಟರ ಹುಡುಗರ ಕೈಬರಹ ನೋಡಿ ನೋಡಿ ನನಗೆ ಅಭ್ಯಾಸವಾಗಿದೆ.

ಈಗ ಕಾಲ ಬದಲಾಗಿದೆ. ಪೋಸ್ಟೆಲ್ ಕೇಳದೆ ಬಿಟ್ಟ ಪ್ರಶ್ನೆಯನ್ನು ಬಾಗಿಲಲ್ಲೇ ಕೇಳುವ ಏರ್ಪಾಡು ಬಂದಿದೆ. ನಮ್ಮ ಹೆಸರಿನಲ್ಲಿ ಮೇಲ್ ತರುವ ಅಧಿಕಾರ ಯಾವ ಯಾವ ಸರ್ವರ್‌ಗಿದೆ ಎಂಬ ಪಟ್ಟಿಯನ್ನು ಆಯಾ ಸಂಸ್ಥೆ ಬಹಿರಂಗವಾಗಿ ಹಾಕಿಡಬಹುದು; ಅದಕ್ಕೆ ಎಸ್‌ಪಿಎಫ್ ಎಂದು ಹೆಸರು, ಅದರ ವಿಧಿ 2006ರಲ್ಲಿ ಅಚ್ಚಾಯಿತು. ಮೇಲ್‌ಗೆ ಮೊಹರು ಒತ್ತುವ ಡಿಕಿಮ್ 2007ರಲ್ಲಿ, ಎರಡೂ ತಾಳೆಯಾಗದಿದ್ದರೆ ಏನು ಮಾಡಬೇಕೆಂದು ಹೇಳುವ ಡಿಮಾರ್ಕ್ 2012ರಲ್ಲಿ ಬಂದವು. 2024ರ ಫೆಬ್ರವರಿಯಿಂದ ಜಿಮೇಲೂ ಯಾಹೂ ಕೂಡ ಸಾವಿರಾರು ಮೇಲ್ ಕಳಿಸುವವರಿಗೆ ಇವನ್ನೆಲ್ಲ ಕಡ್ಡಾಯ ಮಾಡಿವೆ. ಅದಕ್ಕಿಂತ ಹೆಚ್ಚು ಉಪಕಾರ ಮಾಡಿದ್ದು ಒಂದು ಸಣ್ಣ ಬದಲಾವಣೆ: ಮೊದಲು ಎಷ್ಟೋ ಸರ್ವರ್‌ಗಳು ಬಂದದ್ದನ್ನೆಲ್ಲ ಒಳಗಿಟ್ಟುಕೊಂಡು ಆಮೇಲೆ ವಿಳಾಸದಾರರನ್ನು ಹುಡುಕುತ್ತಿದ್ದವು, ಈಗ ಹೆಚ್ಚಿನವು ವಿಳಾಸದಾರರು ಇಲ್ಲದಿದ್ದರೆ ಬಾಗಿಲಲ್ಲೇ ಇಲ್ಲ ಎಂದುಬಿಡುತ್ತವೆ. ಆ ಮಾತು ತಂದ ವೈರಸ್ಸಿಗೇ ತಗಲುತ್ತದೆ, ಹೆಸರು ಕದಿಸಿಕೊಂಡವರ ಮನೆಗೆ ಬರುವುದಿಲ್ಲ. ಹಾಗೂ ನಿಮಗೆ ಇಂಥದ್ದೊಂದು ಬಂದರೆ ಗಾಬರಿಯಾಗಬೇಡಿ: ನೀವು ಕಳಿಸಿದ ಮೇಲ್‌ಗಳ ಕಡತದಲ್ಲಿ ಅದು ಇದೆಯೇ ನೋಡಿ, ತಲೆಬರಹದ ಐಪಿ ನಿಮ್ಮದೇ ನೋಡಿ, ಪಾಸ್‌ವರ್ಡ್ ಬದಲಾಯಿಸಿಟ್ಟುಕೊಳ್ಳಿ, ಲಗತ್ತನ್ನಂತೂ ಮುಟ್ಟಬೇಡಿ.

ಅಳಿಯ ಈಗ ಫೋಟೋಗಳನ್ನು ವಾಟ್ಸಾಪಿನಲ್ಲಿ ಹಾಕುತ್ತಾನೆ. ಧಾರವಾಡದ ಗೆಳೆಯ ಸಿಕ್ಕಿಲ್ಲ. ಇದನ್ನು ಓದುತ್ತಿರುವ ಹಳೆಯ ಸ್ನೇಹಿತರಲ್ಲಿ ಒಂದೇ ವಿನಂತಿ. ಕೆಲಸ ಬಿಟ್ಟಿದ್ದರೆ, ಊರು ಬಿಟ್ಟಿದ್ದರೆ, ವಿಳಾಸ ಬದಲಾಯಿಸಿದ್ದರೆ ಒಂದು ಸಾಲು ಬರೆದು ತಿಳಿಸಿ. ಮೊದಲಾದರೆ ವೈರಸ್ಸು ತಿಳಿಸುತ್ತಿತ್ತು. ಈಗ ಆ ಅನುಕೂಲವೂ ಇಲ್ಲ.